ಹಿಂದಿನ ಸೀಟಿನ ಬ್ರೇಕು

ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿಗೆ ಬ್ರೇಕ್ ಇರುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು, ನನ್ನ ಬಲಗಾಲಿಗೆ ಮಾತ್ರ ಗೊತ್ತಿಲ್ಲ. ತಮ್ಮ ದಾನಿಯೇಲ ಗಾಡಿ ನಡೆಸುತ್ತಾನೆ, ನಾನು ಹಿಂದೆ ಕೂರುತ್ತೇನೆ. ಎದುರಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಕಂಡಿತೆಂದರೆ ಸಾಕು, ನನ್ನ ಕಾಲು ತನ್ನಷ್ಟಕ್ಕೆ ತಾನೇ ಕೆಳಕ್ಕೆ ಒತ್ತಿಬಿಡುತ್ತದೆ. ಗಾಡಿಯೇನೂ ನಿಲ್ಲುವುದಿಲ್ಲ, ಚಪ್ಪಲಿ ಸವೆಯುತ್ತದೆ. ಬಲಗಾಲಿನ ಚಪ್ಪಲಿ ಮಾತ್ರ ಬೇಗ ಸವೆದ ಮನುಷ್ಯನನ್ನು ಎಲ್ಲಾದರೂ ಕಂಡರೆ, ಅವನು ಯಾರದೋ ಬೆನ್ನ ಹಿಂದೆ ಕೂತು ಗಾಡಿ ನಡೆಸುತ್ತಿದ್ದಾನೆಂದು ತಿಳಿಯಿರಿ.

"ಒತ್ತಬ್ಯಾಡ ಅಣ್ಣಾ, ಬ್ರೇಕ್ ನನ್ ಕಡೆ ಐತಿ," ಎನ್ನುತ್ತಾನೆ ದಾನಿಯೇಲ, ತಿರುಗಿ ನೋಡದೆ.

ಈ ಕಾಲಿನ ರೋಗ ಗಾಡಿಯ ಮೇಲೆ ಹುಟ್ಟಿದ್ದಲ್ಲ, ಚರ್ಚಿನಲ್ಲಿ ಹುಟ್ಟಿದ್ದು. ಕರೋಶಿ ಕಡೆ ನಮ್ಮದೊಂದು ಸಣ್ಣ ಸಭೆ. ತಗಡಿನ ಮಾಡು, ಹಾಸಿದ ಚಾಪೆಗಳು, ಒಂದು ಹಾರ್ಮೋನಿಯಂ, ಒಂದು ಢೋಲಕಿ. ಪಾಸ್ಟರ್ ಇರುವುದು ಅಥಣಿಯಲ್ಲಿ. ಐನಾಪುರ, ಶೇಡಬಾಳ ಕಡೆಯ ಸಭೆಗಳನ್ನೂ ಅವರೇ ನೋಡಿಕೊಳ್ಳಬೇಕಾದ್ದರಿಂದ ನಮಗೆ ತಿಂಗಳಿಗೊಮ್ಮೆ ಸಿಗುತ್ತಾರೆ. ಉಳಿದ ಭಾನುವಾರಗಳಿಗೆ ನಾನೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇಷ್ಟು ಜನ ಎದ್ದು ನಿಂತು ಕಿವಿಗೊಡುವ ಜಾಗ ಬೇರೆ ಎಲ್ಲಿ ಸಿಕ್ಕೀತು? ಗಂಟೆ ಹೊಡೆಯುವವನು ನಾನು, ಹಾಡು ಎತ್ತುವವನು ನಾನು, ಕನ್ನಡದಲ್ಲಿ ಪ್ರಾರ್ಥಿಸಿ ಮುಗಿಸಿ, ನಿಪ್ಪಾಣಿ ಕಡೆಯಿಂದ ಬಂದ ಸೊಸೆಯಂದಿರಿಗಾಗಿ ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಪ್ರಾರ್ಥಿಸುವವನೂ ನಾನು. ದೇವರಿಗೆ ಎರಡೂ ಭಾಷೆ ಬರುತ್ತವೆಂಬುದು ನನಗೆ ನೆನಪಾಗುವಷ್ಟರಲ್ಲಿ ಜನರಿಗೆ ಹಸಿವಾಗಿರುತ್ತಿತ್ತು.

ಹೋದ ವರ್ಷ ಪಾಸ್ಟರ್ ಯಾವುದೋ ತರಬೇತಿಗೆ ಹೋಗಿ, 'ಸಾಮೂಹಿಕ ನಾಯಕತ್ವ' ಎಂಬ ಮಾತನ್ನು ಹಿಡಿದುಕೊಂಡು ಬಂದರು. ಇನ್ನು ಮೇಲೆ ಆರಾಧನೆಯನ್ನು ಒಬ್ಬರೇ ನಡೆಸುವುದಲ್ಲ, ಎಲ್ಲರೂ ಕೂಡಿ ನಡೆಸುವುದು, ವಾರಕ್ಕೊಬ್ಬರು ಮುಂದೆ ನಿಲ್ಲುವುದು ಎಂದರು. ಒಬ್ಬನಿಗೇ ಸಾಲದ ನಾಯಕತ್ವವನ್ನು ಇಷ್ಟು ಜನರಿಗೆ ಹಂಚುವುದು ಹೇಗೆಂದು ನಾನು ಚಿಂತಿಸುತ್ತಿದ್ದೆ. ಸಭೆಯ ಹಿರಿಯಳಾದ ಮಾರ್ಥವ್ವ ಮುಂದಿನ ಚಾಪೆಯಿಂದಲೇ ಗಂಟು ಬಿಡಿಸಿದಳು.

"ಅಂದ್ರ ನೀರಿನ ಪಾಳಿ ಇದ್ದಂಗ ಅನ್ರಿ. ಕಾಲುವಿ ನೀರು ಒಬ್ಬನ ಹೊಲಕ್ಕ ಬಿಟ್ರ ಅವಂದು ಕೊಳೀತೈತಿ, ಉಳದವ್ರದು ಒಣಗತೈತಿ."

'ಕೊಳೀತೈತಿ' ಎನ್ನುವಾಗ ಆಕೆ ನನ್ನತ್ತ ನೋಡಿದ್ದು ಆಕಸ್ಮಿಕವೆಂದೇ ನಾನು ಈಗಲೂ ನಂಬಿದ್ದೇನೆ. ಎಲ್ಲರಿಗಿಂತ ಗಟ್ಟಿಯಾಗಿ ಒಪ್ಪಿಗೆ ಸೂಚಿಸಿದವನೂ ನಾನೇ. ಮೊದಲ ಪಾಳಿ ದಾನಿಯೇಲನದು ಎಂದಾಯಿತು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನನ್ನ ತಮ್ಮ ಮಾತಿನಲ್ಲಿ ನಿಧಾನಿ. ಅವನ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಮ್ಮೆ ನೀರು ಕುಡಿದು ಬರಬಹುದು. ಚಿಕ್ಕಂದಿನಿಂದ ಆ ತೆರಪನ್ನು ತುಂಬುತ್ತ ಬಂದವನು ನಾನು. ಅವನ ಹಸಿವನ್ನು ಅವ್ವನಿಗೆ ಹೇಳಿದವನು ನಾನು, ಬಸ್ಸಿನಲ್ಲಿ ಅವನು ಇಳಿಯುವ ಊರನ್ನು ಕಂಡಕ್ಟರನಿಗೆ ಹೇಳಿದವನು ನಾನು, ರಾಯಬಾಗಕ್ಕೆ ಹೆಣ್ಣು ನೋಡಲು ಹೋದಾಗ "ಹುಡುಗಿ ಮನಸಿಗೆ ಬಂದಾಳೇನ್ರಿ?" ಎಂದು ಹಿರಿಯರು ಅವನನ್ನು ಕೇಳಿದರೆ, "ಬಂದಾಳ್ರಿ" ಎಂದವನೂ ನಾನೇ. ಅವನ ಪುಣ್ಯ, ನಿಜವಾಗಿಯೂ ಬಂದಿದ್ದಳು. ಇದನ್ನೆಲ್ಲ ನಾನು ಪ್ರೀತಿ ಎಂದು ಕರೆದುಕೊಂಡಿದ್ದೆ.

ನಮ್ಮಲ್ಲಿ ಪ್ರಾರ್ಥನೆ ನಡೆಸುವವನು 'ಆಮೆನ್' ಎಂದ ಮೇಲೆಯೇ ಸಭೆ 'ಆಮೆನ್' ಎನ್ನುವುದು. ಅಲ್ಲಿಗೆ ಪ್ರಾರ್ಥನೆ ಮುಗಿದು ಢೋಲಕಿ ಏಳುತ್ತದೆ. ಆ ಭಾನುವಾರ ದಾನಿಯೇಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ನಿಂತು, "ಕರ್ತನೇ, ಈ ಮುಂಜಾನಿ..." ಎಂದು ನಿಲ್ಲಿಸಿದ. ನಿಲ್ಲಿಸಿಯೇ ಇದ್ದ. ಫ್ಯಾನು ಕಿರುಗುಟ್ಟಿತು. ಮಾರ್ಥವ್ವ ಕೆಮ್ಮಿದಳು. ನನ್ನ ಬಲಗಾಲು ಚಾಪೆಯನ್ನು ಒತ್ತತೊಡಗಿತು, ಬಾಯಿ ಕಾಲನ್ನೂ ಹಿಂದೆ ಹಾಕಿ "ಆಮೆನ್!" ಎಂದುಬಿಟ್ಟಿತು. ನನ್ನ ದನಿಗೆ ಪಳಗಿದ ಸಭೆ. ಎಲ್ಲರೂ "ಆಮೆನ್" ಎಂದರು, ಢೋಲಕಿ ಎದ್ದಿತು, ಹಾಡು ಹಾರಿತು. ಆ ಗದ್ದಲದ ನಡುವೆ ನನ್ನ ತಮ್ಮ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡು ಬಂದು ಚಾಪೆಯ ಮೇಲೆ ಕೂತ.

ಹೊರಗೆ ಗಾಡಿಯ ಹತ್ತಿರ ಅವನು ಹೇಳಿದ: "ನಾ ಏನ್ ಹೇಳೂದು ಮರ್ತಿದ್ದಿಲ್ಲ ಅಣ್ಣಾ, ದೇವರ ಜೋಡಿ ಮಾತಾಡೂಮುಂದ ಯಾಕ ಗಡಿಬಿಡಿ ಅಂತ ನಿಂತಿದ್ನಿ, ಇನ್ ಮ್ಯಾಲೆ ನನ್ ಪಾಳೀನೂ ನೀನ ತಗೋ, ನಾ ಮತ್ತ ಮುಂದ ನಿಲ್ಲೂದಿಲ್ಲ."

ಇಷ್ಟು ಮಾತನ್ನು ಅವನು ಒಂದೇ ಉಸಿರಿನಲ್ಲಿ ಆಡಿದ್ದು ಅದೇ ಮೊದಲು. ನಡುವೆ ತುಂಬಲು ನನಗೊಂದು ತೆರಪೂ ಸಿಗಲಿಲ್ಲ.

ಕ್ಷಮೆ ಕೇಳಬಹುದಿತ್ತು. ಆದರೆ ನನ್ನಂಥವನು ಕ್ಷಮೆ ಕೇಳಲು ಹೊರಟರೂ ಅದು ಭಾಷಣವಾಗುತ್ತದೆ, ಕೊನೆಗೆ ಅವನ ಪರವಾಗಿ ಕ್ಷಮಿಸುವವನೂ ನಾನೇ ಆಗಿರುತ್ತೇನೆ. ಹಾಗಾಗಿ ಅವನ ಪಾಳಿ ಮತ್ತೆ ಬಂದ ಭಾನುವಾರ ದೊಡ್ಡದೊಂದು ಕಲ್ಲುಸಕ್ಕರೆಯ ತುಂಡನ್ನು ದವಡೆಗಿಟ್ಟುಕೊಂಡು ಹೋಗಿ ಕೂತೆ. ಆರಾಧನೆಯ ಹೊತ್ತಾಯಿತು. ಯಾರೂ ಏಳಲಿಲ್ಲ. ಸಭೆ ನನ್ನನ್ನು ನೋಡಿತು. ನಾನು ಚಾಪೆಯ ಹೆಣಿಗೆಯನ್ನು ಆಳವಾಗಿ ಅಭ್ಯಾಸ ಮಾಡಿದೆ. ಇನ್ನು ಎಲ್ಲರೂ ಹಾಗೇ ಮನೆಗೆ ಹೋಗುತ್ತಾರೇನೋ ಎನ್ನುವಾಗ ಮಾರ್ಥವ್ವ ಗದರಿದಳು.

"ಏಳಲೇ ದಾನ್ಯಾ! ನಿಮ್ಮಣ್ಣನ ಬಾಯಾಗ ಏನೋ ಸಿಕ್ಕೈತಿ, ಅದು ಕರಗೂದ್ರಾಗ ಮುಗಸು!"

ನಗುವಿನ ನಡುವೆ ದಾನಿಯೇಲ ಎದ್ದ. ಅವನ ಒಂದೊಂದು ತೆರಪಿಗೂ ಸಭೆಯೆಲ್ಲ ಒಂದು ಕಣ್ಣು ತೆರೆದು ನನ್ನನ್ನು ನೋಡುತ್ತಿತ್ತು. ನಾನು ಸಕ್ಕರೆ ಕಚ್ಚಿಕೊಂಡು ಕೂತಿದ್ದೆ. ಅವನು ಮಳೆಗಾಗಿ ಕೇಳಿಕೊಂಡ, ಮಾರ್ಥವ್ವನ ಮೊಣಕಾಲಿಗಾಗಿ ಕೇಳಿಕೊಂಡ. ಆಮೇಲೆ, "ನಮ್ಮಣ್ಣಗ..." ಎಂದು ನಿಂತ. ಆ ತೆರಪಿನಷ್ಟು ಉದ್ದದ ರಸ್ತೆಯಲ್ಲಿ ನಾನು ಎಂದೂ ನಡೆದಿಲ್ಲ. "...ಸುಮ್ನ ಕೂಡೂ ಶಕ್ತಿ ಕೊಟ್ಟಿ. ಸ್ತೋತ್ರ."

ಮತ್ತೆ ಮೌನ. ಈ ಸಲ ಅದು ಬೆಳೆಯುತ್ತಲೇ ಹೋಯಿತು. ದಾನಿಯೇಲ ಕಣ್ಣು ತೆರೆದು ನನ್ನನ್ನು ಹುಡುಕಿದ.

"ಅಣ್ಣಾ, ನಂದು ಮುಗೀತು. ಈಗ ಅನ್ನು."

ಆಮೆನ್ ಎಂಬುದು ಜನ್ಮವಿಡೀ ನನ್ನ ಖಾತೆಯಲ್ಲೇ ಇದ್ದುದರಿಂದ ಅವನಿಗೆ ಅದು ಬಾಯಿಗೇ ಬಂದಿರಲಿಲ್ಲ. ಕಲ್ಲುಸಕ್ಕರೆಯ ಸಂದಿಯಿಂದ ನಾನು ಅಂದದ್ದು ಯಾವ ಭಾಷೆಯದೋ ತಿಳಿಯದು. ಆದರೂ ಸಭೆ ಗುರುತು ಹಿಡಿಯಿತು, ಢೋಲಕಿ ಎದ್ದಿತು.

ಮನೆಗೆ ಬರುವಾಗ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ನನ್ನ ಕಾಲು ಒತ್ತಿತು. ಅದೇ ಗಳಿಗೆಗೆ ಗಾಡಿ ನಿಧಾನವಾಯಿತು.

"ನೀನೂ ಒತ್ತಿದಿ, ಹೌದಿಲ್ಲ?" ಎಂದ ದಾನಿಯೇಲ.

"ಒತ್ತಿದೆ."

ಟ್ರ್ಯಾಕ್ಟರ್ ದಾಟಿಹೋಯಿತು. ಅವನು ಮತ್ತೇನನ್ನೋ ಹೇಳುವವನಂತೆ ಉಸಿರೆಳೆದುಕೊಂಡ. ನಾನು ಕಾದೆ. ಮನೆ ಬಂತು, ಊಟವಾಯಿತು. ಅವನು ಇನ್ನೂ ಹೇಳಿಲ್ಲ. ನನಗೇನೂ ಅವಸರವಿಲ್ಲ.