ಅರ್ಧ ಮಾಡಿದ ಲೈಟಿನ ಸರ

ನಾವು ಸಣ್ಣವರಿದ್ದಾಗ ಸಿಂದಗಿಯಲ್ಲಿ ಮದುವೆ ಮನೆಗೆ ಬಣ್ಣದ ದೀಪ ಅಂದರೆ ದೊಡ್ಡ ಬಲ್ಬಿಗೆ ಬಣ್ಣದ ಕಾಗದ ಸುತ್ತುವುದು, ಅಷ್ಟೇ. ಸಣ್ಣ ಬಲ್ಬುಗಳ ಸರ ನೋಡಬೇಕಿದ್ದರೆ ವಿಜಾಪುರಕ್ಕೆ ಹೋಗಬೇಕಿತ್ತು. ನಮ್ಮ ಓಣಿಯಲ್ಲಿ ಅಂಥ ಸರ ಮೊದಲು ಮಾಡಿದವನು ನನ್ನ ತಮ್ಮ. ಅದನ್ನು ಕೆಡಿಸಿದವಳು ನಾನು.

ಆಗ ಅವನು ಬಸ್ ಸ್ಟ್ಯಾಂಡ್ ಹತ್ತಿರದ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಮ್ಮ ಪಕ್ಕದ ಮನೆಯ ನರ್ಸಬಾಯಿ ಕ್ರಿಸ್‌ಮಸ್ಸಿಗೆ ಬಾಗಿಲ ಮುಂದೆ ಕಾಗದದ ನಕ್ಷತ್ರ ಕಟ್ಟುತ್ತಿದ್ದರು. "ಇದರ ಸುತ್ತ ಲೈಟ್ ಹಾಕ್ತಿಯೇನಪಾ?" ಎಂದು ಅವರು ಕೇಳಿದ್ದೇ ತಡ, ತಮ್ಮ ಟಾರ್ಚಿನ ಬಲ್ಬುಗಳನ್ನು ತಂದು ಒಂದಕ್ಕೊಂದು ಬೆಸುಗೆ ಹಾಕುತ್ತ ಕೂತ. ಬಣ್ಣ ಬಳಿಯುವ ಕೆಲಸ ನನ್ನದು. ನನ್ನ ಉಗುರುಬಣ್ಣದ ಬಾಟಲಿ ಖಾಲಿಯಾಯಿತು.

"ಇದು ಹತ್ತಿತಂದ್ರ ಯಂಕಂಚಿ ಊರಾಗಿನ ಮದವಿ ಲೈಟಿನ ಕೆಲಸ ನಿನಗ ಕೊಡ್ತೇನಿ" ಎಂದಿದ್ದರು ಅಂಗಡಿ ಮಾಲಕರು. ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸರ ಉದ್ದವಾಗಿಯೇ ಬಂತು. ನಮ್ಮ ಬಾಗಿಲಿಗೂ ಇರಲಿ ಎಂದು ನನಗೆ ಆಸೆ ಹುಟ್ಟಿತು. ಅವ್ವ ಮಲ್ಲಿಗೆ ಮಾಲೆ ತಂದರೆ ಕತ್ತರಿಸಿ ನನಗರ್ಧ, ಪಕ್ಕದ ಮನೆಗರ್ಧ ಕೊಡುತ್ತಿದ್ದಳು. ಲೈಟಿನ ಸರವೂ ಹಾಗೇ ಎಂದುಕೊಂಡೆ. ತಮ್ಮ ಅಂಗಡಿಗೆ ಹೋದಾಗ ನಡುವೆ ಕತ್ತರಿಸಿದೆ. ಅರ್ಧವನ್ನು ನಮ್ಮ ಬಾಗಿಲಿಗೆ ತೂಗುಹಾಕಿ, ಅವನು ಮಾಡುತ್ತಿದ್ದ ಹಾಗೆಯೇ ಎರಡೂ ತುದಿಯ ವೈರು ಪ್ಲಗ್ಗಿನಲ್ಲಿ ಸಿಕ್ಕಿಸಿ ಬಟನ್ ಒತ್ತಿದೆ.

ಅಬ್ಬಾ, ಏನು ಬೆಳಕು! ಫೋಟೋ ತೆಗೆದ ಹಾಗೆ ಝಗ್ ಎಂದಿತು. ಉಗುರುಬಣ್ಣ ಸುಟ್ಟ ವಾಸನೆ ಬಂತು. ಠಪ್ ಎಂದು ಆರಿಹೋಯಿತು. ಇಡೀ ಸರ ಹಂಚಿಕೊಳ್ಳಬೇಕಾದ ಕರೆಂಟನ್ನು ಅರ್ಧಕ್ಕೇ ಕೊಟ್ಟಿದ್ದೆ. ಗಾಬರಿಯಿಂದ ಎರಡೂ ತುಂಡು ಸೇರಿಸಿ, ಅವನ ಟೇಪನ್ನೇ ಸುತ್ತಿ ಇಟ್ಟುಬಿಟ್ಟೆ.

ಸಂಜೆ ಓಣಿಯೆಲ್ಲ ಸೇರಿತು. ತಮ್ಮ ಬಟನ್ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ.

"ಹಗಲೊತ್ತು ಹತ್ತೋ ಲೈಟ್ ಇರಬೇಕೋ!" ಎಂದ ಒಬ್ಬ. ಎಲ್ಲರೂ ನಕ್ಕರು. ನರ್ಸಬಾಯಿ "ಇರ್ಲಿ ಬಿಡಪಾ" ಎಂದು ಎಲ್ಲರಿಗೂ ಕೇಕ್ ಹಂಚಿದರು. ತಮ್ಮ ತಿನ್ನಲಿಲ್ಲ.

"ನನ್ನ ಬೆಸುಗಿನೇ ಸರಿಯಿಲ್ಲ ಯಕ್ಕಾ" ಎಂದ.

"ಹೌದೇನೋ ತಮ್ಮಾ" ಎಂದೆ ನಾನು. ಕತ್ತರಿಸಿದ್ದಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಚುಚ್ಚಿದೆ.

ಯಂಕಂಚಿ ಕೆಲಸ ಬೇರೆಯವನಿಗೆ ಹೋಯಿತು. ತಮ್ಮ ಮತ್ತೆ ಲೈಟಿನ ತಂಟೆಗೆ ಹೋಗಲಿಲ್ಲ. ಬೋರಿನ ಮೋಟರ್ ಕೆಲಸದಲ್ಲೇ ಕೈ ಕುದುರಿಸಿಕೊಂಡು ಮನಗೂಳಿಯಲ್ಲಿ ಸ್ವಂತ ಅಂಗಡಿ ಹಾಕಿದ. ನಾನು ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದೆ.

ಕೆಲವು ವರ್ಷಗಳಲ್ಲಿ ಬಾಗೇವಾಡಿ ಸಂತೆಯ ತಳ್ಳುಗಾಡಿಗಳ ಮೇಲೆಲ್ಲ ಮಿಣುಕು ಲೈಟಿನ ಸರಗಳ ರಾಶಿ. ಒಮ್ಮೆ ತಮ್ಮ ನನ್ನ ಮಗಳಿಗೆ ಒಂದು ತಂದ. ಗೆಳತಿಗೆ ಅರ್ಧ ಕೊಡುತ್ತೇನೆಂದು ಅವಳು ಕತ್ತರಿ ಹಿಡಿದಳು.

"ಕತ್ತರಿಸಬ್ಯಾಡ! ಅರ್ಧ ಮಾಡಿದ್ರ ಸುಡ್ತಾವು!" ಎಂದು ಕಿರುಚಿದೆ.

ತಮ್ಮ ಚಹಾದ ಕಪ್ಪು ಕೆಳಗಿಟ್ಟ. "ನಾಕನೇ ಕ್ಲಾಸ್ ತನಕ ಸಾಲಿ ಕಲ್ತಾಕಿ, ನಿನಗ ಇದು ಹೆಂಗ ಗೊತ್ತು?"

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಎಲ್ಲ ಹೇಳಿ, ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತೆ.

ಅವನು ತೊಡೆ ತಟ್ಟಿಕೊಂಡು ಎದ್ದ. "ಅಂದ್ರ ನನ್ನ ಬೆಸುಗಿ ಚಲೋ ಇತ್ತು!" ಒಳಗಿದ್ದ ನನ್ನ ಗಂಡನನ್ನು ಕೂಗಿದ, "ಮಾಮಾ, ಕೇಳ್ರಿ! ನನ್ನ ಸರ ಚಲೋ ಇತ್ತಂತ!" ಆಮೇಲೆ ನನ್ನ ಕಡೆ ತಿರುಗಿದ. "ನಡಿ ಸಿಂದಗಿಗೆ. ಮಾಲಕರ ಮುಂದ ನಿನ್ನ ಬಾಯಿಲೆ ಹೇಳು."

"ಈಗ್ಯಾಕೋ? ಆ ಮದವಿಯವರ ಮಕ್ಕಳು ಸಾಲಿಗೆ ಹೊಂಟಾವು!"

"ಹೋಗ್ಲಿ ಬಿಡು. ನೀ ಹೇಳು."

ಮರುದಿನವೇ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಮುದುಕರಾಗಿದ್ದ ಮಾಲಕರು ಕೇಳಿ ಕೆಮ್ಮು ಬರುವಷ್ಟು ನಕ್ಕರು. "ತಪ್ಪಾತೋ ತಮ್ಮಾ, ಕೆಲಸ ನಿನಗ ಕೊಡಬೇಕಿತ್ತು" ಎಂದರು. ತಮ್ಮನ ಮುಖ ನೋಡಲಾಗದೆ ನಾನು ರಸ್ತೆ ನೋಡಿದೆ. ಅಷ್ಟರಲ್ಲಿ ಒಬ್ಬ ಗಿರಾಕಿ ಅಂಗಡಿಯೊಳಗೆ ಬಂದ.

"ಯಕ್ಕಾ" ಎಂದ ತಮ್ಮ, ಆ ಗಿರಾಕಿಗೆ ಸ್ಟೂಲು ಸರಿಸುತ್ತ, "ಮೊದಲಿಂದ ಹೇಳು."

ಹೇಳಿದೆ.