ನಿದ್ದೆಗೆಟ್ಟವಳ ಸರ್ಪಸುತ್ತು

ಮೊದಲು ಬಂದದ್ದು ಉರಿ. ಎಡಬೆನ್ನಿನಲ್ಲಿ, ಕೆಂಡ ಸೋಕಿದ ಹಾಗೆ. ಬಟ್ಟೆ ಒಗೆದು ನರ ಹಿಡಿದಿರಬೇಕೆಂದು ಮುಲಾಮು ತಿಕ್ಕಿದೆ. ಇನ್ನೂ ಏರಿತು. ಎರಡು ದಿನ ಬಿಟ್ಟು ಸ್ನಾನಕ್ಕೆ ಕೂತಾಗ ಕೈಗೆ ಗುಳ್ಳೆ ಸಿಕ್ಕವು. ಬೆನ್ನುಮೂಳೆಯಿಂದ ಎದೆಯ ಕೆಳಗಿನವರೆಗೆ, ನೀರು ತುಂಬಿದ ಗುಳ್ಳೆಗಳ ಸಾಲು. ಲಿಂಗದ ಕರಡಿಗೆಯ ದಾರ ತಾಗಿದರೂ ಜೀವ ಹೋಗುತ್ತಿತ್ತು. ಅದನ್ನು ಮೈಯಿಂದ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಬಲ ಹೆಗಲಿಗೆ ಬದಲಿಸಿಕೊಂಡೆ.

ಪಕ್ಕದ ಮನೆ ಪುಟ್ಟಮ್ಮ ನೋಡಿ ಬಾಯಿಗೆ ಸೆರಗಿಟ್ಟುಕೊಂಡಳು.

"ಸರ್ಪಸುತ್ತು ಕಣಕ್ಕ. ತಲೆ ಬಾಲ ಕೂಡ್ಬುಟ್ರೆ ಮುಗೀತು. ಕೆಮ್ಮಣ್ಣು ಹಚ್ಬುಡಿ."

"ಸುಮ್ನಿರಮ್ಮ. ಅದು ಕೂಡೋಕ್ಕಿಂತ ಮುಂಚೆ ನಿನ್ ಮಾತು ಕೇಳೇ ಸತ್ತೋಯ್ತೀನಿ."

ಬಾಯಿಗೆ ಬಂದದ್ದು ಅಂದೆ. ಒಳಗೆ ಭಯವಿತ್ತು, ಸಾವಿನದಲ್ಲ. ಆರು ವರ್ಷದ ಮೊಮ್ಮಗಳು ಕಾವ್ಯಳಿಗೆ ಫಿಟ್ಸ್ ಇದೆ. ನಿದ್ದೆಯಲ್ಲೂ ಬರುತ್ತದೆ. ಎರಡು ವರ್ಷದಿಂದ ನನ್ನ ಸೆರಗಿನ ತುದಿಯನ್ನು ಅವಳ ಕಾಲಿಗೆ ಕಟ್ಟಿಕೊಂಡೇ ಮಲಗುತ್ತಿದ್ದೆ. ಅವಳು ಮಗ್ಗುಲು ಬದಲಿಸಿದರೂ ನಾನು ಎದ್ದು ಕೂರುತ್ತಿದ್ದೆ. ಮಗ ಬಸ್ಸು ಓಡಿಸುತ್ತಾನೆ, ಮನೆಯಲ್ಲಿರುವುದೇ ಕಡಿಮೆ. ಸೊಸೆ ಸುಧಾ ಹಗಲೆಲ್ಲ ಎಸ್‌ಟಿಡಿ ಬೂತಿನಲ್ಲಿ ಕೂತು ಬರುತ್ತಾಳೆ. ಮಲಗಿದರೆ ಮನೆ ಬಿದ್ದರೂ ಏಳುವವಳಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಮಗುವನ್ನು ಅವಳಿಗೆ ಬಿಟ್ಟಿರಲಿಲ್ಲ.

ಆಸ್ಪತ್ರೆಗೆ ಸುಧಾಳೇ ಆಟೋದಲ್ಲಿ ಕರೆದುಕೊಂಡು ಹೋದಳು. ಲೇಡಿ ಡಾಕ್ಟರು ಗುಳ್ಳೆ ನೋಡಿ, ಚಿಕ್ಕವಳಿದ್ದಾಗ ಸೀತಾಳೆ ಸಿಡುಬು ಆಗಿತ್ತೇ ಎಂದು ಕೇಳಿದರು. ಆಗಿತ್ತು. ತವರೂರು ಇಲವಾಲದಲ್ಲಿ ನನ್ನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು.

"ಆ ವೈರಸ್ಸು ಅವತ್ತಿಂದ ನಿಮ್ಮ ನರದಲ್ಲೇ ಮಲಗಿತ್ತು ಅಮ್ಮ. ಈಗ ಎದ್ದಿದೆ."

"ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ?"

"ವಯಸ್ಸು ಒಂದು. ನಿದ್ದೆ ಹೇಗೆ ಮಾಡ್ತೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸುಧಾ ಹೇಳಿಬಿಟ್ಟಳು. "ಎಲ್ಲಿ ಮೇಡಂ? ಎರಡು ವರ್ಷದಿಂದ ಮಗು ಕಾಯ್ತಾರೆ. ನನ್ನ ಹತ್ರ ಬುಡೋದೇ ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಷ್ಟು ದಿನ ಒಂದೇ ಸಮ ಸ್ಟ್ರೆಸ್ ಆದ್ರೆ ರೋಗ ತಡೆಯೋ ಶಕ್ತಿ ಕುಗ್ಗುತ್ತೆ ಅಮ್ಮ. ಅದೇ ಕಾರಣ ಅಂತ ಖಂಡಿತವಾಗಿ ಹೇಳಕ್ಕಾಗಲ್ಲ. ಆದ್ರೆ ಅದೂ ಸೇರಿರುತ್ತೆ." ಆಮೇಲೆ ಕೇಳಿದರು: "ಮಗೂಗೆ ಸೀತಾಳೆ ಸಿಡುಬು ಆಗಿದ್ಯಾ?"

"ಇಲ್ಲ."

"ಹಾಗಾದ್ರೆ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೂ ಅವಳ ಹತ್ರ ಹೋಗ್ಬೇಡಿ. ನಿಮ್ಮಿಂದ ಅವಳಿಗೆ ಸಿಡುಬು ಹತ್ತಬಹುದು. ಜ್ವರಕ್ಕೆ ಫಿಟ್ಸ್ ಕೆರಳುತ್ತೆ."

ಈಗ ಅವಳಿಗೆ ಅಪಾಯ ನಾನೇ.

ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಇರುವುದೇ ಎರಡು ಕೋಣೆ. ಹೊರಗಿನದು ನನಗಾಯಿತು. ಹೊತ್ತು ಹೊತ್ತಿಗೆ ಮಾತ್ರೆ, ತಟ್ಟೆ ಬೇರೆ, ಟವೆಲ್ಲು ಬೇರೆ. ಸುಧಾ ಬೂತಿಗೆ ರಜೆ ಹಾಕಿದಳು. ಮಲಗಿದರೆ ಉರಿ, ಕೂತರೆ ಕಿವಿಯೆಲ್ಲ ಒಳಗಡೆ.

ಒಂದು ಮಧ್ಯಾಹ್ನ ಒಳಗೆ ತಟ್ಟೆ ಬಿದ್ದ ಸದ್ದಾಯಿತು. ಫಿಟ್ಸ್ ಬಂದಾಗಿನ ಆ ಸದ್ದು ನನಗೆ ಗೊತ್ತು. ಎದ್ದು ಬಾಗಿಲಿಗೆ ಓಡಿದೆ.

"ಅತ್ತೆ, ಅಲ್ಲೇ ನಿಂತ್ಕೊಳ್ಳಿ!"

ಮದುವೆಯಾಗಿ ಬಂದಾಗಿನಿಂದ ಅವಳು ನನ್ನೆದುರು ದನಿ ಎತ್ತಿದವಳಲ್ಲ. ನಿಂತೆ. ಅವಳು ಮಗುವನ್ನು ಪಕ್ಕಕ್ಕೆ ಹೊರಳಿಸಿದಳು, ತಲೆಯಡಿ ದಿಂಬು ಇಟ್ಟಳು, ಗಡಿಯಾರ ನೋಡಿದಳು.

"ಮಗೂ ಕೈಗೆ ಬೀಗದ ಕೈ ಕೊಡೇ!" ಎಂದು ಕೂಗಿದೆ.

"ಅದೆಲ್ಲ ಬ್ಯಾಡ ಅಂತ ಡಾಕ್ಟ್ರು ಹೇಳವ್ರೆ. ನೀವು ಸುಮ್ನಿರಿ ಅತ್ತೆ."

ನಡುಕ ತಾನಾಗಿಯೇ ನಿಂತಿತು. ಸುಧಾಳ ತೊಡೆಯ ಮೇಲೆ ಮಗು ನಿದ್ದೆ ಹೋಯಿತು. ನಾನು ಬಾಗಿಲ ಚೌಕಟ್ಟು ಹಿಡಿದವಳು ಬಿಟ್ಟಿರಲೇ ಇಲ್ಲ. ಅಲ್ಲಿ ನಾನು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ. ಅವಮಾನವೂ ಆಯಿತು, ಹಗುರವೂ ಆಯಿತು; ಯಾವುದು ಹೆಚ್ಚೆಂದು ಈಗಲೂ ಹೇಳಲಾರೆ. ಚಾಪೆಗೆ ಬಂದು ಬಿದ್ದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ.

ಗುಳ್ಳೆ ಒಣಗಿವೆ. ಕಲೆ ಉಳಿದಿದೆ. ರವಿಕೆ ತಾಗಿದರೆ ಈಗಲೂ ಕರೆಂಟು ಹೊಡೆದ ಹಾಗಾಗುತ್ತದೆ. ನರದ ನೋವು ಹೋಗಲು ತಿಂಗಳುಗಟ್ಟಲೆ ಹಿಡಿಯಬಹುದಂತೆ. ಹಿಡಿಯಲಿ. ಮಗುವಿಗೆ ಸಿಡುಬು ಬರಲಿಲ್ಲ. ರಾತ್ರಿಯ ಕಾವಲು ಈಗ ಸುಧಾಳದು. ಬೆಳಿಗ್ಗೆ ಅವಳ ಕೈಗೆ ಕಾಫಿ ಕೊಟ್ಟು ಕೇಳುತ್ತೇನೆ.

"ಹೆಂಗಿದ್ಲು?"

"ಚೆನ್ನಾಗಿ ಮಲಗಿದ್ಲು ಅತ್ತೆ. ನೀವು?"

"ನಾನೂ ಮಲಗಿದ್ದೆ ಕಣೇ."