ಹಿಂದಿನ ಸೀಟಿಗೂ ಕೇಳುವಂತೆ

ಬಸ್ಸಿನ ಮೇಲಿನ ಸರಳು ಹಿಡಿದು ಹಿಡಿದು ಅವರ ಎಡ ಅಂಗೈಯಲ್ಲಿ ದಪ್ಪಗೆ ಒಂದು ಗಂಟು ಬಿದ್ದಿತ್ತು. ಬಲಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಟಿಕೆಟ್ ಹರಿದು ಕೊಟ್ಟು ಬಿಡುವಾದರೆ ಸಾಕು, ಅದೇ ಕೈ ಚೆಂಡು ಎಸೆಯುತ್ತಿತ್ತು, ಬ್ಯಾಟು ಬೀಸುತ್ತಿತ್ತು, ಬೌಂಡರಿ ಗೆರೆಯ ಹತ್ತಿರ ಕ್ಯಾಚೂ ಹಿಡಿಯುತ್ತಿತ್ತು. ನಾನು ಶಿರಸಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ಕಾಲದ ಸಂಜೆ ಬಸ್ಸಿನ ಕಂಡಕ್ಟರ್ ಅವರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

ಆಗ ಶಿರಸಿ ಪೇಟೆ ದಾಟಿ ಎಕ್ಕಂಬಿ ಕಡೆ ಹೊರಟರೆ ಮೊಬೈಲಿನಲ್ಲಿ ಸಿಗ್ನಲ್ ಸತ್ತಂತೆಯೇ. ಕ್ರಿಕೆಟ್ ಮ್ಯಾಚಿದ್ದ ದಿನ ಕಾಕಾ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಟಿವಿ ಎದುರು ಬಸ್ಸು ಹೊರಡುವವರೆಗೂ ನಿಂತು ನೋಡಿ, ಕಡೆಗೆ ಓಡಿ ಬಂದು ಹತ್ತುತ್ತಿದ್ದರು. ಟಿಕೆಟ್ ಕೊಟ್ಟು ಮುಗಿದ ಮೇಲೆ ಸೀದಾ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಲ್ಲುವರು. ಮುಂದಿನವರು ಡ್ರೈವರ್ ಬಾಯಿಂದಲಾದರೂ ಕೇಳಿಯಾರು, ಹಿಂದೆ ಕೂತವರಿಗೆ ಯಾರಿದ್ದಾರೆ ಎಂಬುದು ಅವರ ವಾದ.

"ಹಿಂದಿನ ಸೀಟಿನವ್ರಿಗೆ ಕೇಳ್ತೈತೇನ್ರಿ? ಮನೀಗೆ ಹೋಗಿ ಹೈಲೈಟ್ಸ್ ನೋಡೋವ್ರು ಕಿವಿ ಮುಚ್ಕೊಳ್ರಿ. ಆಮ್ಯಾಗ ನನ್ನ ಬೈಬ್ಯಾಡ್ರಿ!"

ಒಬ್ಬಿಬ್ಬರು ನಿಜವಾಗಿಯೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಶುರು. ಬರೀ ಸ್ಕೋರು ಹೇಳಿ ಕೂರುವ ಪೈಕಿ ಅಲ್ಲ ಅವರು. ಬೌಲರ್ ಎಲ್ಲಿಂದ ಓಡಿ ಬಂದ, ಚೆಂಡು ಎಲ್ಲಿ ಬಿತ್ತು, ಎಷ್ಟು ತಿರುಗಿತು, ಕೀಪರ್ ಯಾಕೆ ತಲೆಯ ಮೇಲೆ ಕೈ ಹೊತ್ತ, ಎಲ್ಲವೂ ಬರಬೇಕು. ಕೇಳುತ್ತ ಕೇಳುತ್ತ ಡ್ರೈವರ್ ಬಸ್ಸನ್ನು ನಿಧಾನ ಮಾಡಿಬಿಡುತ್ತಿದ್ದ. ಒಂದು ದಿನ ಯಾರೋ ಅವಸರದವರು, "ಕಥೆ ಸಾಕ್ರೀ, ಎಷ್ಟಕ್ಕೆ ಎಷ್ಟು ಅಷ್ಟು ಹೇಳ್ರಿ" ಎಂದರು. ಕಾಕಾಗೆ ಮೂಗಿನ ತುದಿಯಲ್ಲಿ ಸಿಟ್ಟು.

"ಅರ್ಧ ಮಾತು ಹೇಳಿದ್ರ ಅರ್ಧ ದಾರಿಗೆ ಇಳಿಸಿದಂಗ ಆಗ್ತೈತಿ. ನಮ್ಮ ಬಸ್ಸಿನ್ಯಾಗ ಹಂಗ ಇಳಸಂಗಿಲ್ಲ."

ಆ ಬಸ್ಸಿನಲ್ಲಿ ಕ್ರಿಕೆಟ್ ಹುಚ್ಚಿದ್ದ ಹುಡುಗಿ ನಾನೊಬ್ಬಳೇ. ಮನೆಯಲ್ಲಿ ಬೈಯುತ್ತಿದ್ದರು, ಗೆಳತಿಯರು ನಗುತ್ತಿದ್ದರು. ಕಾಕಾ ಮಾತ್ರ ನನ್ನ ಪ್ರಶ್ನೆಗೂ ಡ್ರೈವರನ ಪ್ರಶ್ನೆಗೂ ಒಂದೇ ಗತ್ತಿನಲ್ಲಿ ಉತ್ತರ ಕೊಡುತ್ತಿದ್ದರು. ಅದು ನನಗೆ ಎಷ್ಟು ದೊಡ್ಡದಾಗಿ ಕಂಡಿತ್ತೆಂದು ಈಗ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಕಾಲೇಜು ಮುಗಿಯಿತು, ನಾನು ಶಿರಸಿಯಲ್ಲೇ ಹೈಸ್ಕೂಲಿಗೆ ಗಣಿತದ ಟೀಚರ್ ಆದೆ. ಎಲ್ಲರ ಕೈಗೂ ದೊಡ್ಡ ಮೊಬೈಲು ಬಂತು. ಮ್ಯಾಚು ಜೇಬಿನೊಳಗೇ ನಡೆಯತೊಡಗಿದ ಮೇಲೆ ಕಂಡಕ್ಟರನ್ನು ಸ್ಕೋರು ಕೇಳುವವರು ಯಾರು? ಕಾಕಾ ನಿವೃತ್ತರಾದರೆಂದು ಕೇಳಿದೆ. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತೆಂದೂ, ಎರಡೂ ಕಣ್ಣು ಹೋದವೆಂದೂ ಕೇಳಿ, ನಮ್ಮೂರಿನಲ್ಲೇ ಇದ್ದ ಅವರ ಮನೆಗೆ ನೋಡಲು ಹೋದೆ.

ಅಂದು ಭಾರತದ ಮ್ಯಾಚಿತ್ತು. ಪಕ್ಕದ ಮನೆಯಿಂದ ಟಿವಿಯ ಗದ್ದಲ ಕೇಳುತ್ತಿತ್ತು. ಕಾಕಾನ ಮನೆಯ ಟಿವಿಯ ಮೇಲೆ ಮಾತ್ರ ಬಟ್ಟೆ ಹೊದಿಸಿತ್ತು. ನನ್ನ ಕೈ ಹಿಡಿದುಕೊಂಡರು. ಅಂಗೈಯ ಗಂಟು ಹಾಗೇ ಇತ್ತು.

"ಮ್ಯಾಚ್ ಹಾಕ್ಲಾ ಕಾಕಾ?"

"ಬ್ಯಾಡ ತಂಗಿ, ಬಿಟ್ಟಬಿಟ್ಟೇನಿ. ಮೂರ್ನಾಕು ಮಂದಿ ಕುಂತು ಮಾತಾಡ್ತಾರ. ಒಬ್ಬ ಜೋಕು ಹೇಳ್ತಾನ, ಒಬ್ಬ ತಾ ಆಡಿದ್ದ ಕಾಲದ್ದ ಹೇಳ್ತಾನ. ಚೆಂಡು ಎಲ್ಲಿ ಹೋತು ಅಂತ ಒಬ್ಬನೂ ಹೇಳಂಗಿಲ್ಲ. ಎಲ್ಲಾರ್ಗೂ ಕಣ್ಣೈತಿ ಅಂತ ತಿಳ್ಕೊಂಡಾರ."

ನನಗೆ ಅದು ಹೊಳೆದೇ ಇರಲಿಲ್ಲ. ಹಿಂದೆ ರೇಡಿಯೊದವರು ಕಾಣದವರಿಗಾಗಿಯೇ ಮಾತಾಡುತ್ತಿದ್ದರು. ಈಗ ಚಿತ್ರ ಎಲ್ಲರ ಅಂಗೈಗೂ ಬಂದಿದೆ, ಹಾಗಾಗಿ ವಿವರಿಸುವ ಕೆಲಸ ಯಾರದೂ ಅಲ್ಲ. ಕಾಕಾನ ಹೆಂಡತಿ, ನಾವು ಕಾಕು ಎನ್ನುವವರು, ಚಹಾ ಕೊಡುತ್ತ ದನಿ ತಗ್ಗಿಸಿದರು. "ಕಣ್ಣು ಹೋದಾಗ ಇಷ್ಟು ಸೊರಗಿರ್ಲಿಲ್ಲವ್ವ. ಆಟ ಬಿಟ್ಟ ಮ್ಯಾಗ ಮಾತ ನಿಂತು ಹೋತು. ಊಟಕ್ಕ ಕರದ್ರ ಹ್ಞೂಂ ಅಂತಾರ, ಅಷ್ಟ." ಜೀವನವಿಡೀ ಮ್ಯಾಚಿನ ಗದ್ದಲಕ್ಕೆ ಗಂಡನನ್ನು ಬೈದ ಹೆಂಗಸು, ಅಂದು ಆ ಗದ್ದಲ ಇಲ್ಲವೆಂದು ಕಣ್ಣೊರೆಸಿಕೊಂಡರು.

ಮುಂದಿನ ಮ್ಯಾಚಿಗೆ ನಾನು ಶಿರಸಿಯ ಮನೆಯಲ್ಲಿ ಒಂದು ಮೊಬೈಲಿನಲ್ಲಿ ಆಟ ಹಾಕಿಕೊಂಡು, ಇನ್ನೊಂದರಲ್ಲಿ ಕಾಕಾಗೆ ಫೋನ್ ಹಚ್ಚಿದೆ.

"ಫೋರ್ ಹೋಯ್ತು ಕಾಕಾ!"

"ಎತ್ತಾಗ?"

"ಆಫ್ ಸೈಡಿಗೆ."

"ಆಫ್ ಸೈಡು ಅಂದ್ರ ಅರ್ಧ ಮೈದಾನ ಆತಲ್ಲ! ನೆಲದ ಮ್ಯಾಲೋ, ಗಾಳ್ಯಾಗೋ? ಫೀಲ್ಡರ್ ಓಡಿದ್ನೋ, ನಿಂತು ನೋಡಿದ್ನೋ?"

ನೋಡಿದ್ದೆ, ಆದರೆ ಕಂಡಿರಲಿಲ್ಲ. ಬರೀ ಉತ್ತರ ಬರೆದು ಲೆಕ್ಕ ಬಿಡಿಸಿದ ಕ್ರಮ ತೋರಿಸದ ಮಕ್ಕಳಿಗೆ ಅರ್ಧವೇ ಅಂಕ ಕೊಡುವ ಟೀಚರ್ ನಾನು. ಅಂದು ನನಗೇ ಅರ್ಧ ಅಂಕ ಬಿತ್ತು. ಹಟ ಹುಟ್ಟಿತು. ನಿಧಾನಕ್ಕೆ ಬೌಲರನ ಮಣಿಕಟ್ಟು, ಬ್ಯಾಟ್ಸ್‌ಮನ್‌ನ ಮುಂಗಾಲು, ಸ್ಲಿಪ್ಪಿನವನ ಬೆನ್ನು ಎಲ್ಲ ಕಾಣತೊಡಗಿದವು. ಕಾಕಾ ಆ ಕಡೆಯಿಂದ "ಔಟಾ! ಹೌದಾ!" ಎಂದು ಕೂಗುವಾಗ ನನಗೆ ಬೀಗಿದಷ್ಟೂ ಸಾಲದು.

ಹೀಗೇ ಸುಮಾರು ದಿನ ನಡೆದ ಮೇಲೆ ಒಮ್ಮೆ ಅವರ ಮನೆಗೆ ಹೋದಾಗ ಕಾಕು ನಗುತ್ತ ಗುಟ್ಟು ಬಿಟ್ಟುಕೊಟ್ಟರು. "ನಿನ್ನ ಫೋನಿನಾಗ ಬರೂಕ್ಕಿಂತ ಮೊದ್ಲ ಪಕ್ಕದ ಮನ್ಯಾಗ ಹೋ ಅಂತಾರವ್ವ. ಇವರಿಗೆ ಎಲ್ಲಾ ಗೊತ್ತಿರ್ತೈತಿ. ಗೊತ್ತಿದ್ದೂ ನಿನ್ನ ಮುಂದ ಔಟಾ, ಹೌದಾ!"

ಇಂಗು ತಿಂದ ಮಂಗನಂತಾಯಿತು ನನಗೆ. ನಿಜ, ಡಿಶ್ ಇದ್ದ ಆ ಮನೆಗೆ ಆಟ ಮೊದಲು ಬರುತ್ತದೆ, ನನ್ನ ಮೊಬೈಲಿಗೆ ಬರುವಷ್ಟರಲ್ಲಿ ಹಳತಾಗಿರುತ್ತದೆ. ಇಷ್ಟು ದಿನ ನಾನು ಒದರಿದ್ದೆಲ್ಲ ಹಳಸಿದ ಸುದ್ದಿ! ಕಾಕಾನ ಮೇಲೆ ರೇಗಿದೆ. "ಮೊದಲೇ ಹೇಳೂದಲ್ಲನಾ? ನಾನ್ಯಾಕೆ ಗಂಟಲು ಹರ್ಕೋಬೇಕಿತ್ತು?"

ಅವರು ನಗಲಿಲ್ಲ. ಬಲಗೈ ಎತ್ತಿ ಗಾಳಿಯಲ್ಲಿ ಒಂದು ಚೆಂಡು ತಿರುಗಿಸಿದರು.

"ಔಟಾದ ಅಂತ ಕೂಗಿನ್ಯಾಗ ಗೊತ್ತಾಗ್ತೈತಿ ತಂಗಿ. ಹ್ಯಾಂಗ ಔಟಾದ ಅನ್ನೂದು ನೀ ಹೇಳಿದ್ರನ ಗೊತ್ತು. ಆಟ ಇರೂದು ಅದರಾಗ."

ಟಿವಿಯ ಮೇಲಿನ ಬಟ್ಟೆ ಯಾವಾಗಲೋ ಹೋಗಿತ್ತು. ಕಾಕಾನ ಬಾಯಿಯೂ ಮೊದಲಿನಂತೆ ಬಿಚ್ಚಿಕೊಂಡಿತ್ತು. ಊರ ವಾಲಿಬಾಲ್ ಟೂರ್ನಮೆಂಟು ಹತ್ತಿರ ಬಂದಾಗ ಹೊಸ ತಕರಾರು ತೆಗೆದರು. ಊರಿನ ಹುಡುಗರು ಯೂಟ್ಯೂಬಿನಲ್ಲಿ ಲೈವ್ ಬಿಡುತ್ತಿದ್ದರು, ಆದರೆ ಮೈಕ್ ಹಿಡಿದವನು ಎರಡೇ ಮಾತು ಬಲ್ಲವನು: "ಅದ್ಭುತ" ಮತ್ತು "ಏನ್ ಹೊಡೆತಾ". ಯಾರು ಹೊಡೆದರು, ಚೆಂಡು ಎಲ್ಲಿ ಬಿತ್ತು, ದೇವರೇ ಬಲ್ಲ.

"ನೀ ಹೋಗಿ ಮೈಕ್ ಹಿಡಿ" ಎಂದರು ಕಾಕಾ.

"ಅಲ್ಲೆಲ್ಲ ಗಂಡಸರೇ ಹೇಳೂದು ಕಾಕಾ."

"ಬಸ್ಸಿನ್ಯಾಗ ಹೆಂಗಸರ ಸೀಟು ಅಂತ ಬರ್ದಿರ್ತೈತಿ. ಗಂಡಸರ ಸೀಟು ಅಂತ ಎಲ್ಲ್ಯಾರ ಬರ್ದದ್ದು ನೋಡೀಯೇನು?"

ಹೋದೆ. ಹುಡುಗರು ಮುಖ ಮುಖ ನೋಡಿಕೊಂಡರು, ಆದರೆ ಅವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು, ಇಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಮೈಕ್ ಹಿಡಿದಾಗ ಏನು ಹೇಳಬೇಕೆಂದು ತಿಳಿಯದೆ, "ಹಿಂದಿನ ಸೀಟಿನವರಿಗೆ ಕೇಳ್ತಾ ಇದೆಯಾ?" ಎಂದುಬಿಟ್ಟೆ. ಮೈದಾನದವರು ಗೊಳ್ಳೆಂದರು. ಯಾರಿಗೆ ಅರ್ಥವಾಗಬೇಕಿತ್ತೋ ಅವರಿಗೆ ಆಯಿತು. ಮರುದಿನ ಕಾಕಾ ಫೋನಿನಲ್ಲಿ ನಮ್ಮೂರ ತಂಡದ ಆಟವನ್ನು ಪಾಯಿಂಟು ಪಾಯಿಂಟಾಗಿ ನನಗೇ ತಿರುಗಿ ಹೇಳಿದರು. ಕೊನೆಗೆ, "ಒಂದ ಕಡೆ ಯಾರು ಎತ್ತಿ ಕೊಟ್ರು ಅನ್ನೂದು ಬಿಟ್ಟಿ ನೋಡು" ಎಂದು ಸೇರಿಸಿದರು.

ಮರುವರ್ಷದ ಟೂರ್ನಮೆಂಟಿಗೆ ಅವರಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನನಗೆ ಅಪ್ಪ ಹೋದಾಗ ಆದಷ್ಟೇ ದುಃಖವಾಯಿತು. ಈ ಸಲ ಮೈಕ್ ಬೇಡವೆಂದೇ ಅನ್ನಿಸಿತ್ತು. ಯಾರಿಗಾಗಿ ಹೇಳಲಿ? ಆದರೂ ಹುಡುಗರು ಬಿಡಲಿಲ್ಲ. ಮೈಕ್ ಕೈಗೆ ಬಂದಾಗ ಅಭ್ಯಾಸಬಲದಿಂದ ಅದೇ ಮಾತು ಬಂತು: "ಹಿಂದಿನ ಸೀಟಿನವರಿಗೆ ಕೇಳ್ತಾ ಇದೆಯಾ?"

ಪಕ್ಕದಲ್ಲಿದ್ದ ಮೊಬೈಲಿನಲ್ಲಿ ಲೈವ್ ನೋಡುವವರ ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ತುಸು ಹೊತ್ತಾದ ಮೇಲೆ ಅವುಗಳ ನಡುವೆ ಕಾಕಾನ ಹೆಸರು ಬಂತು, ಖಾಕಿ ಅಂಗಿಯ ಅವರದೇ ಫೋಟೊದೊಂದಿಗೆ: "ಕೇಳ್ತೈತಿ. ಹೇಳು."

ಅದನ್ನು ಎರಡು ಸಲ ಓದಿ, ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದೆ. ಆಮೇಲೆ ಹೇಳಿದೆ. ಅಂದು ಹೇಳಿದಂತೆ ಎಂದೂ ಹೇಳಿರಲಿಕ್ಕಿಲ್ಲ.

ಆಟ ಮುಗಿದ ಕೂಡಲೇ ಕಾಕಾನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಕಾಕು.

"ಅವರ ಫೋನಿನಾಗ ಪಕ್ಕದ ಮನಿ ಹುಡುಗಿ ಕಡೆ ನಾನ ಬರೆಸಿದೆನವ್ವ. ಮನಿ ಬಿಕೋ ಅಂತಿತ್ತು, ನಿನ್ನ ಲೈವ್ ಹಾಕಿದೆ. ನಮ್ಮೂರವ್ರು ಗೆದ್ರಲ್ಲ?"

"ಹೌದು ಕಾಕು, ಗೆದ್ದರು."

"ಅದು ಗೊತ್ತಾತು, ಇಲ್ಲೇ ಬೀದ್ಯಾಗ ಪಟಾಕಿ ಹೊಡದ್ರು. ಆ ಕೊನೀ ಪಾಯಿಂಟು ಹ್ಯಾಂಗ ಬಂತು? ನಂಗ ತಿಳೀಲಿಲ್ಲ, ನಿಧಾನಕ್ಕ ಹೇಳು."

ನಾನು ಮೈದಾನದ ಅಂಚಿನಲ್ಲಿ ಕೂತು, ಸರ್ವಿಸ್ ಮಾಡಿದ ಹುಡುಗ ಚೆಂಡನ್ನು ಮೇಲೆ ಎಸೆದಲ್ಲಿಂದ ಶುರು ಮಾಡಿದೆ.